ಚುಕ್ಕಾಣಿಯವರು ತಿರುಗಿ ಹೇಳಬೇಕು

ಮೂವತ್ತೊಂದು ವರ್ಷ ನಾನು ಮುಂಬೈಯ ಒಂದು ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ನುಡಿಗಟ್ಟು ಕಲಿಸಿದೆ. ‘ಚುಕ್ಕಾಣಿ ಹಿಡಿ’ ಎಂದರೆ ‘ನಾಯಕತ್ವ ವಹಿಸು’. ಇಷ್ಟನ್ನು ಹಲಗೆಯ ಮೇಲೆ ಬರೆದು, ಸ್ವಂತ ವಾಕ್ಯದಲ್ಲಿ ಬಳಸಿ ಎಂದು ಹೇಳಿ, ಅಷ್ಟೊತ್ತಿಗೆ ಆರಿಹೋಗಿರುತ್ತಿದ್ದ ಚಹಾ ಕುಡಿಯುತ್ತಿದ್ದೆ. ಹೆಚ್ಚು ಕಡಿಮೆ ಎಲ್ಲ ಮಕ್ಕಳೂ ‘ನಮ್ಮ ತಂದೆಯವರು ಮನೆಯ ಚುಕ್ಕಾಣಿ ಹಿಡಿದಿದ್ದಾರೆ’ ಎಂದೇ ಬರೆಯುತ್ತಿದ್ದರು. ಒಬ್ಬ ಹುಡುಗಿ ಮಾತ್ರ ‘ಅವ್ವ ಚುಕ್ಕಾಣಿ ಹಿಡಿದಿದ್ದಾಳೆ, ಅಪ್ಪ ಹಡಗಿನಲ್ಲಿ ಮಲಗಿದ್ದಾನೆ’ ಎಂದು ಬರೆದಿದ್ದಳು. ಅವಳಿಗೆ ಪೂರ್ತಿ ಅಂಕ ಕೊಟ್ಟಿದ್ದೆ.

ಚುಕ್ಕಾಣಿಯನ್ನು ನಾನು ಕಣ್ಣಿಂದ ಕಂಡವಳಲ್ಲ. ವಿಜಯಪುರದ ಕಡೆಯವಳು ನಾನು. ನಮ್ಮೂರಲ್ಲಿ ನೀರು ಕಾಣಬೇಕಾದರೆ ಬಾವಿಗೆ ಬಗ್ಗಬೇಕು, ಇಲ್ಲವೇ ಟ್ಯಾಂಕರ್ ಬರಬೇಕು. ಮದುವೆಯಾಗಿ ಮುಂಬೈಯ ಭಾಂಡುಪಿಗೆ ಬಂದ ಮೇಲೂ ಸಮುದ್ರವೆಂದರೆ ವರ್ಷಕ್ಕೊಮ್ಮೆ ಚೌಪಾಟಿಯಲ್ಲಿ ಭೇಲ್ ತಿನ್ನುವಾಗ ಎದುರಿಗಿರುವ ವಸ್ತು, ಅಷ್ಟೇ. ಕಲಿಸುವುದಕ್ಕೆ ಕಾಣಲೇಬೇಕೆಂದೇನೂ ಇಲ್ಲವಲ್ಲ. ‘ಅತ್ತ ದರಿ ಇತ್ತ ಪುಲಿ’ ಎಂದು ಕಲಿಸಿದವಳು ನಾನು, ಒಂದು ಪುಲಿಯನ್ನಾದರೂ ಎದುರಿಸಿದ್ದೇನೆಯೇ? ಚುಕ್ಕಾಣಿಯ ವಿಷಯ ಸರಿಯಾಗಿ ತಿಳಿದದ್ದು ನಿವೃತ್ತಳಾದ ಮೇಲೆ, ಅದೂ ನಮ್ಮ ಕಾರಿನಲ್ಲಿ ಕೂತು.

ಆ ಕಾರು ನನ್ನ ಗಂಡನದು. ಮನೆ ಇಬ್ಬರದು, ಮಗಳು ಇಬ್ಬರ ಮಗಳು, ಆದರೆ ಕಾರು ಅವರೊಬ್ಬರದೇ. ಧಾರವಾಡದಿಂದ ಬಂದು ಇಲ್ಲಿಯ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದವರು. ಆಳುಗಳಿಗೆ ಹೇಳಿ ಹೇಳಿ, ಜಗತ್ತೆಲ್ಲ ತಾವು ಹೇಳಿದ ಮೇಲೇ ನಡೆಯುತ್ತದೆ ಎಂಬ ನಂಬಿಕೆ ಬಂದಿತ್ತು. ಕಾರನ್ನು ಬೇರೆಯವರು ತೊಳೆದರೂ ಅವರಿಗೆ ಸಮಾಧಾನವಿಲ್ಲ, ಒರೆಸಿದ್ದನ್ನು ಮತ್ತೆ ಒರೆಸುತ್ತಿದ್ದರು.

ಕಳೆದ ವರ್ಷ ಅವರಿಗೆ ಕಣ್ಣು ಮಂಜಾಗತೊಡಗಿತು. ಪವಾಯಿಯ ಕಣ್ಣಿನ ಆಸ್ಪತ್ರೆಗೆ ತಾವೇ ಕಾರು ನಡೆಸಿಕೊಂಡು ಹೋದರು, ಪಕ್ಕದಲ್ಲಿ ನಾನು. ಡಾಕ್ಟರು ತಪಾಸಣೆ ಮಾಡಿ, ಕಣ್ಣಿನ ಹಿಂದಿನ ಪರದೆ ಹಾಳಾಗುತ್ತಿದೆ, ನಡುವಿನ ನೋಟ ಹೋಗುತ್ತದೆ, ಅಂಚಿನದು ಉಳಿಯುತ್ತದೆ ಎಂದರು. ತಿಂಗಳಿಗೊಂದರಂತೆ ಕಣ್ಣಿಗೆ ಇಂಜೆಕ್ಷನ್ ತೆಗೆದುಕೊಂಡರೆ ಇದ್ದಷ್ಟು ನೋಟ ಉಳಿಸಿಕೊಳ್ಳಬಹುದು. ತಪ್ಪಿಸಿದರೆ ಹೋದದ್ದು ಮರಳಿ ಬರುವುದಿಲ್ಲ. ಕಾರಂತೂ ಇವತ್ತಿನಿಂದಲೇ ಬಂದ್. ಬರುವಾಗ ಕಾರು ಹೇಗೆ ತಂದಿರಿ ಎಂದು ಡಾಕ್ಟರು ಕೇಳಿದ್ದಕ್ಕೆ, ನಮ್ಮವರು ‘ಎರಡನೇ ಗೇರಿನಲ್ಲಿ’ ಎಂದರು.

ಮೊದಲನೇ ಇಂಜೆಕ್ಷನ್ ಅವತ್ತೇ ಆಯಿತು. ಕಾರನ್ನು ಅಲ್ಲೇ ಬಿಟ್ಟು ರಿಕ್ಷಾದಲ್ಲಿ ಬಂದೆವು; ಮರುದಿನ ಗ್ಯಾರೇಜಿನ ಹುಡುಗನೊಬ್ಬ ಅದನ್ನು ಮನೆಗೆ ತಂದುಬಿಟ್ಟ. ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ಸೊಸೈಟಿಯ ಗೇಟಿನಲ್ಲಿ ಇಳಿದ ಗಂಡಸನ್ನು ಕಂಡರೆ ಜನ ಸುಮ್ಮನಿರುತ್ತಾರೆಯೇ? ಗೇಟಿನಿಂದ ಲಿಫ್ಟ್‌ವರೆಗೆ ಏಳು ಜನ ಏನಾಯಿತು ಎಂದು ಕೇಳಿದರು. ಏಳನೆಯವನಿಗೆ ಇವರು ‘ಕಣ್ಣು ಹೊಡೆದೆ, ಸಿಕ್ಕಿಕೊಂಡಿತು’ ಎಂದರು. ಲಿಫ್ಟಿನಲ್ಲಿ ನಾನು ನಕ್ಕೆ, ಅವರು ನಗಲಿಲ್ಲ.

ಎರಡನೆಯದರ ದಿನ ಬಂದಾಗ ಅಮಾವಾಸ್ಯೆ ಎಂದರು. ಮರುದಿನ ಹೊಟ್ಟೆ ಸರಿಯಿಲ್ಲ. ಅದರ ಮರುದಿನ ಯಾವುದೋ ಹೆಂಡತಿ ಇಲ್ಲದ ಗೆಳೆಯ ಊಟಕ್ಕೆ ಬರುವವನಿದ್ದ, ಅವನು ಬರಲೇ ಇಲ್ಲ. ಮಲಾಡಿನಲ್ಲಿರುವ ಮಗಳು ಫೋನಿನಲ್ಲೇ ಕ್ಯಾಬ್ ಬುಕ್ ಮಾಡುತ್ತೇನೆ, ಬಾಗಿಲಿಗೇ ಬರುತ್ತದೆ ಎಂದಳು. ಬಾಗಿಲಿಗೆ ಬಂದ ಗಾಡಿಯಲ್ಲಿ ಹೋಗುವುದು ಹೆಣ ಮಾತ್ರ ಎಂದು ಅವಳಿಗೆ ಬೈದು ಫೋನಿಟ್ಟರು. ಹತ್ತು ದಿನ ಮೀರಿತು. ಆಸ್ಪತ್ರೆಯಿಂದ ಫೋನ್ ಬಂದಾಗ ನಾನು ಅಳುವುದನ್ನೂ ಬೈಯುವುದನ್ನೂ ಒಟ್ಟಿಗೇ ಮಾಡಿದೆ. ಅದಕ್ಕೆ ಅವರು ಗೋಡೆಯ ಕಡೆ ಮುಖ ಮಾಡಿ ಹೇಳಿದರು:

“ರಿಕ್ಷಾದಾಗ ನಾ ಬರಂಗಿಲ್ಲ. ನನ್ನ ಗಾಡಿಯೊಳಗ ಆದ್ರ ಬರ್ತೀನಿ. ನೀ ಹೊಡಿ.”

ಇದು ಆಗದ ಮಾತು ಎಂದು ಅವರಿಗೆ ಗೊತ್ತಿತ್ತು, ಅದಕ್ಕೇ ಹೇಳಿದ್ದು. ನನ್ನ ಹತ್ತಿರ ಲೈಸೆನ್ಸ್ ಇತ್ತು. ಹದಿನೈದು ವರ್ಷದ ಹಿಂದೆ ಸ್ಟಾಫ್ ರೂಮಿನ ನಾಲ್ವರು ಹುರುಪಿನಲ್ಲಿ ಹೋಗಿ ಕಲಿತು ತೆಗೆದದ್ದು. ಅಲ್ಲಿಂದ ಇಲ್ಲಿಯವರೆಗೆ ಬ್ಯಾಂಕಿನಲ್ಲಿ ತೋರಿಸುವುದಕ್ಕಷ್ಟೇ ಅದನ್ನು ಬಳಸಿದ್ದೆ. ಆದರೆ ‘ನಿನಗೆ ಆಗುವುದಿಲ್ಲ’ ಎಂದು ಯಾರಾದರೂ ಬಾಯಿಬಿಟ್ಟು ಹೇಳದೆಯೂ ನನಗೆ ಕೇಳಿಸಿಬಿಟ್ಟರೆ ಮುಗಿಯಿತು. ಡ್ರೈವಿಂಗ್ ಸ್ಕೂಲಿಗೆ ಹತ್ತು ದಿನ ಮತ್ತೆ ಹೋದೆ. ಆಸ್ಪತ್ರೆಗೆ ಫೋನ್ ಮಾಡಿ ಹೊಸ ದಿನ ಗೊತ್ತುಮಾಡಿದೆ. ಇನ್ನು ಹದಿನೈದು ದಿನ; ಅಷ್ಟರೊಳಗೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ನಡೆಸುವ ಅಭ್ಯಾಸವಾಗಬೇಕು.

ಮೊದಲ ಭಾನುವಾರ ಸೊಸೈಟಿಯ ಒಳಗೇ ಒಂದು ಸುತ್ತು ಹೊರಟೆವು. ಕಾರು ಚಾಲೂ ಆಗುವ ಮೊದಲೇ ಅವರ ಬಾಯಿ ಚಾಲೂ ಆಯಿತು. ಕ್ಲಚ್, ಕ್ಲಚ್. ನಿಧಾನ. ಅಷ್ಟು ನಿಧಾನ ಅಲ್ಲ. ಕಂಬ. ಕಂಬ ದೂರ ಐತಿ, ಆದರೂ ಕಂಬ. ತಮ್ಮ ಕಡೆ ಇಲ್ಲದ ಬ್ರೇಕನ್ನು ಕಾಲಿಂದ ಒತ್ತಿ ಒತ್ತಿ ಮ್ಯಾಟ್ ಹರಿದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಆಡಿದಷ್ಟು ಮಾತನ್ನು ಮೂವತ್ತೈದು ಮೀಟರಿನಲ್ಲಿ ಆಡಿದರು. ನಾನು ಅವರ ಕಡೆ ತಿರುಗಿ, ಬಾಯಿ ಮುಚ್ಚಿಕೊಳ್ಳುತ್ತೀರೋ ಇಲ್ಲವೋ ಎಂದು ಕೇಳುವಷ್ಟರಲ್ಲಿ ಸೊಸೈಟಿಯ ಮೂರು ಕ್ರೋಟನ್ ಕುಂಡಗಳು ಒಡೆದವು. ಸಂಜೆ ಸೆಕ್ರೆಟರಿ ನೋಟಿಸ್ ಬೋರ್ಡಿನ ಮೇಲೆ ‘ಯಾರೋ ಅಪರಿಚಿತರು’ ಕುಂಡ ಒಡೆದಿದ್ದಾರೆ ಎಂದು ಮರಾಠಿಯಲ್ಲಿ ಬರೆದು ಅಂಟಿಸಿದ. ಒಳ್ಳೆಯ ಮನುಷ್ಯ.

ಇದನ್ನೆಲ್ಲ ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನೋಡುತ್ತಿದ್ದವರು ನೆಲಮಹಡಿಯ ಕಾಕಾ. ಹೊನ್ನಾವರದ ಕಡೆಯ, ಕಡಲ ಕಸುಬಿನ ಖಾರ್ವಿ ಮನೆತನದವರು, ಎಂಬತ್ತು ದಾಟಿದವರು. ಹರೆಯದಲ್ಲಿ ಹಾಯಿ ಕಟ್ಟಿದ ಮಚ್ವೆಯಲ್ಲಿ, ಅಂದರೆ ಸರಕು ಹೊರುವ ದೊಡ್ಡ ಮರದ ದೋಣಿಯಲ್ಲಿ, ಹಂಚು ಹೇರಿಕೊಂಡು ಮುಂಬೈಗೆ ಬರುತ್ತಿದ್ದರಂತೆ. ಮಚ್ವೆಗಳಿಗೆ ಇಂಜಿನ್ ಬಂದ ಮೇಲೆ ಸಿಟ್ಟಾಗಿ ಇಳಿದು, ಬಂದರಿನಲ್ಲಿ ನೌಕರಿ ಹಿಡಿದು ಇಲ್ಲೇ ಉಳಿದರು. ಅವರ ಊರ ಕಡೆ ಶಾಲೆಯ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ, ನಾನೂ ಅವರಿಗೆ ಅಕ್ಕೋರೇ.

“ಅಕ್ಕೋರೆ, ಚುಕ್ಕಾಣಿ ಹಿಡ್ದವರ ಕೂಡೆ ಹಿಂಗೆಲ್ಲ ಮಾತಾಡುಕಾಗ” ಎಂದರು, ನನ್ನ ಗಂಡ ಮೇಲೆ ಹೋದ ನಂತರ.

ನನಗೆ ಹಿಗ್ಗಾಯಿತು. ಹೌದಲ್ಲವೇ ಕಾಕಾ, ಚುಕ್ಕಾಣಿ ಹಿಡಿದವರೇ ನಾಯಕರು, ನಾಯಕರಿಗೆ ಯಾರಾದರೂ ಹೀಗೆ ಹೇಳುತ್ತಾರೆಯೇ ಎಂದು ನುಡಿಗಟ್ಟಿನ ಸಮೇತ ಹೇಳಿದೆ. ಕಾಕಾ ನಕ್ಕ ರಭಸಕ್ಕೆ ಕೆಳಗಿನ ಹಲ್ಲಿನ ಸೆಟ್ಟು ಸರಿಯಿತು. ಅದನ್ನು ಕೂರಿಸಿಕೊಂಡು ಹೇಳಿದರು:

“ಯಾವ ನಾಯಕ? ಆರು ವರ್ಷ ಚುಕ್ಕಾಣಿ ಹಿಡ್ದವ ನಾನು. ನನ್ನ ಮಾತು ಆ ಮಚ್ವೆಯ ಬೆಕ್ಕೂ ಕೇಳ್ತಿರ್ಲಿಲ್ಲ. ಚುಕ್ಕಾಣಿಯವಂಗೆ ಮುಂದೆ ಎಂತದೂ ಕಾಣೂದಿಲ್ಲ, ಅಕ್ಕೋರೆ. ಎದುರಿಗೆ ಹಾಯಿ ಇರ್ತದೆ.”

ಆಮೇಲೆ ಅವರು ಕೋಲಿನಿಂದ ನೆಲದ ಧೂಳಿನಲ್ಲಿ ಮಚ್ವೆ ಬರೆದು ತೋರಿಸಿದರು. ಚುಕ್ಕಾಣಿ ಎಂದರೆ ದೋಣಿಯ ಹಿಂತುದಿಯಲ್ಲಿ ನೀರಿನೊಳಗೆ ಇಳಿದಿರುವ ಹಲಗೆ. ಮೇಲೆ ಅದಕ್ಕೊಂದು ಉದ್ದನೆಯ ಹಿಡಿ. ಅದನ್ನು ಹಿಡಿದವನು ಎಲ್ಲರಿಗಿಂತ ಹಿಂದೆ. ಅವನ ಕಣ್ಣಿಗೆ ಬೀಳುವುದು ಗಾಳಿ ತುಂಬಿದ ಹಾಯಿಯ ಬಟ್ಟೆ ಮಾತ್ರ. ಮುಂತುದಿಯಲ್ಲಿ ಒಬ್ಬ ನಿಂತು ಕಲ್ಲು, ಬಲೆ, ಬೇರೆ ದೋಣಿ ನೋಡಿ ಕೂಗುತ್ತಾನೆ. ನಡುವೆ ಕೂತ ತಾಂಡೇಲ, ಅವನೇ ದೋಣಿಯ ಯಜಮಾನ, ಕೇಳಿ ಹುಕುಂ ಕೊಡುತ್ತಾನೆ. ಚುಕ್ಕಾಣಿಯವನಿಗೆ ತಾಂಡೇಲನೊಬ್ಬನದೇ ದನಿ. ಬೇರೆ ಯಾರೂ ಅವನನ್ನು ಮಾತಾಡಿಸುವಂತಿಲ್ಲ. ಯಾಕೆ ಎಂದು ಅವನೂ ಕೇಳುವಂತಿಲ್ಲ. ಆದರೆ ಹೇಳಿದ್ದನ್ನು ಗಟ್ಟಿಯಾಗಿ ತಿರುಗಿ ಹೇಳಬೇಕು. ಬಲಕ್ಕೆ ಎಂದರೆ ‘ಬಲಕ್ಕೆ’ ಎಂದು ಕೂಗಿ, ಆಮೇಲೆ ಹಿಡಿ ತಿರುಗಿಸಬೇಕು. ಗಾಳಿಯಲ್ಲಿ ಮಾತು ಹಾರಿಹೋಗುತ್ತದೆ. ತಿರುಗಿ ಬಂದರೆ ಮುಟ್ಟಿತು ಎಂದು ಅರ್ಥ. ತಾಂಡೇಲನಿಗೂ ಅದರಲ್ಲೊಂದು ಲಾಭ ಇತ್ತಂತೆ: ತಾನು ಹೇಳಿದ್ದು ತನ್ನ ಕಿವಿಗೇ ಬಿದ್ದಾಗ, ತಪ್ಪಿದ್ದರೆ ಗೊತ್ತಾಗುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಬರುತ್ತಿದ್ದ ಹುಕುಂ ಯಾವುದು ಎಂದು ಕೇಳಿದೆ. ‘ಹಂಗೇ ಇರ್ಲಿ’ ಎಂದರು. ಆ ಹುಕುಮಿನಲ್ಲಿ ಗಂಟೆಗಟ್ಟಲೆ ಹೋಗುತ್ತಿದ್ದರಂತೆ.

ಮನೆಗೆ ಬಂದು ಮೂವತ್ತೊಂದು ವರ್ಷದ ಮಕ್ಕಳನ್ನು ನೆನೆದೆ. ಅವರಲ್ಲಿ ಎಷ್ಟು ಜನ ಬ್ಯಾಂಕಿನಲ್ಲಿ, ಆಫೀಸಿನಲ್ಲಿ ಈಗಲೂ ಚುಕ್ಕಾಣಿ ಹಿಡಿದು ತಾವೇ ನಾಯಕರೆಂದು ಕೂತಿದ್ದಾರೋ, ದೇವರೇ ಬಲ್ಲ. ಆದರೆ ಆ ಹೊತ್ತಿಗೆ ನನಗೆ ಬೇಕಾದದ್ದು ಪಶ್ಚಾತ್ತಾಪವಲ್ಲ, ಉಪಾಯ. ಗಂಡನ ಮುಂದೆ ಊಟದ ತಟ್ಟೆ ಇಟ್ಟು ಹೇಳಿದೆ: ನಾಳೆಯಿಂದ ನೀವು ತಾಂಡೇಲ, ಅಂದರೆ ದೋಣಿಯ ಯಜಮಾನ; ನಾನು ಚುಕ್ಕಾಣಿಯವಳು. ನೀವು ಹೇಳಿದ್ದನ್ನು ತಿರುಗಿ ಹೇಳಿ, ಹೇಳಿದಂತೆಯೇ ಮಾಡುತ್ತೇನೆ, ಎದುರು ಮಾತಿಲ್ಲ. ಆದರೆ ಒಂದು ಸಲಕ್ಕೆ ಒಂದೇ ಹುಕುಂ. ಯಜಮಾನ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಅವರು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಎರಡು ತಿಂಗಳಲ್ಲಿ ಮೊದಲ ಸಲ.

ದಿನಾ ಬೆಳಿಗ್ಗೆ ಆರಕ್ಕೆ ಕಾಲೊನಿಯ ರಸ್ತೆಯಲ್ಲಿ ನಮ್ಮ ಮಚ್ವೆ ಹೊರಡತೊಡಗಿತು. “ಎಡಕ್ಕ” ಎನ್ನುವರು. “ಎಡಕ್ಕ” ಎಂದು ನಾನು ಶಾಲೆಯ ಪ್ರಾರ್ಥನೆಯ ದನಿಯಲ್ಲಿ ಕೂಗಿ ತಿರುಗಿಸುವೆ. ವಾಕಿಂಗಿಗೆ ಬಂದ ಮರಾಠಿ ಹೆಂಗಸರು ನಿಂತು ನೋಡುವರು. ಹಾಲಿನವನು ನಮ್ಮ ಕಾರು ಕಂಡರೆ ಸೈಕಲ್ ಇಳಿದು ಗೋಡೆಗೆ ಒರಗಿ ನಿಲ್ಲುವನು. ಒಂದೇ ಹುಕುಂ ಎಂಬ ನಿಯಮ ಫೋರ್‌ಮನ್ನನ ಬಾಯಿಗೆ ಬೀಗ ಹಾಕಿತು. ಒಂದು ಹೇಳಿದರೆ ಅದು ತಿರುಗಿ ಬರುವವರೆಗೆ ಕಾಯಬೇಕು, ಅಷ್ಟರಲ್ಲಿ ಎರಡನೆಯದನ್ನು ಮರೆಯುತ್ತಿದ್ದರು.

ನಾಲ್ಕನೆಯ ದಿನ ಅವರು “ನಿಲ್ಲಸು. ಆಕಳಾ ದಾಟಲಿ” ಎಂದರು. “ನಿಲ್ಲಸ್ತೀನಿ, ಆಕಳಾ ದಾಟಲಿ” ಎಂದು ನಿಲ್ಲಿಸಿದೆ. ಎದುರಿಗಿದ್ದದ್ದು ಆಕಳಲ್ಲ, ಮರಳಿನ ಗುಡ್ಡೆಯ ಮೇಲೆ ಹೊದಿಸಿದ ಕರಿ ತಾಡಪತ್ರಿ. ಯಾಕೆ ಎಂದು ಕೇಳುವಂತಿಲ್ಲವಲ್ಲ, ಕೂತೆ. ಆಕಳು ದಾಟಲಿಲ್ಲ. ಹಿಂದೆ ಕಸದ ಲಾರಿ ಬಂದು ಹಾರ್ನ್ ಹೊಡೆಯಿತು. ಅವರು ಕಿಟಕಿಯಿಂದ ತಲೆ ಹೊರಹಾಕಿ, ಆಕಳಿಗೆ ಮರ್ಯಾದೆ ಕೊಡು ಎಂದು ಲಾರಿಯವನಿಗೆ ಹಿಂದಿಯಲ್ಲಿ ಬೈದರು. ಅವನು ಇಳಿದು ಬಂದು ಮರಳನ್ನು ನೋಡಿದ, ಇವರನ್ನು ನೋಡಿದ, ನನ್ನನ್ನು ನೋಡಿದ. ನಾನು ಬೇರೆ ಕಡೆ ನೋಡಿದೆ. ನಗು ಉಕ್ಕಿ ಬಂದಿತ್ತು, ಅದರ ಹಿಂದೆಯೇ ಅರ್ಥವಾಯಿತು. ಸ್ವಲ್ಪ ಮಂಜು, ಸ್ವಲ್ಪವೇ ಮಂಜು ಎಂದು ಇವರು ಎರಡು ತಿಂಗಳಿಂದ ಹೇಳುತ್ತಿದ್ದದ್ದು ಇದನ್ನೇ. ಮನೆಯಲ್ಲಿ ಜನರನ್ನು ನಡಿಗೆಯಿಂದ, ಚಪ್ಪಲಿ ಸದ್ದಿನಿಂದ ಗುರುತಿಸಿ ಹೆಸರು ಹಿಡಿದು ಕರೆಯುತ್ತಿದ್ದರು, ನಾನೂ ನಂಬಿದ್ದೆ.

“ಹೋತೇನು?” ಎಂದು ಕೇಳಿದರು. ಹೋಯಿತು ಎಂದೆ. ಮನೆ ಮುಟ್ಟುವವರೆಗೆ ಅವರು ಮತ್ತೊಂದು ಹುಕುಂ ಕೊಡಲಿಲ್ಲ. ಬಿದ್ದರೂ ಮೀಸೆ ಮಣ್ಣಾಗದ ಮನುಷ್ಯ, ಅವತ್ತು ಸುಮ್ಮನೆ ಸ್ನಾನಕ್ಕೆ ಹೋದರು.

ಅದಾದ ಮೇಲೆ ಹುಕುಮುಗಳು ಕಡಿಮೆಯಾದವು. ತಮ್ಮ ಮಾತು ನನ್ನ ಬಾಯಿಂದ ತಿರುಗಿ ಬಂದಾಗ ತಲೆ ಒಂದು ಕಡೆ ವಾಲಿಸಿ, ಬೇರೆ ಯಾರೋ ಆಡಿದ ಮಾತೆಂಬಂತೆ ಕೇಳುವರು. ಕೆಲವು ಸಲ ‘ಅಲ್ಲ, ಬ್ಯಾಡ’ ಎಂದು ತಾವೇ ಹಿಂದೆ ತೆಗೆದುಕೊಳ್ಳುವರು. ಎರಡನೆಯ ವಾರದಲ್ಲಿ, ನಾನು ಹೇಳಿಕೊಡದೆಯೇ, ಒಂದು ಬೆಳಿಗ್ಗೆ “ಹಂಗs ಇರ್ಲಿ” ಎಂದರು. ಕಾಕಾ ಅವರಿಗೂ ಗುಟ್ಟಾಗಿ ಪಾಠ ಮಾಡುತ್ತಿದ್ದರೆಂದು ಆಗ ಗೊತ್ತಾಯಿತು. ಇಬ್ಬರು ಮುದುಕರೂ ಭಾರೀ ಕಿಲಾಡಿಗಳು.

ಆಸ್ಪತ್ರೆಯ ದಿನ ಬಂತು. ಬೆಳಿಗ್ಗೆ ಹತ್ತರ ಟ್ರಾಫಿಕ್ಕು. ದೊಡ್ಡ ರಸ್ತೆಗೆ ಬಿದ್ದದ್ದೇ ಸ್ಟೇರಿಂಗನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದೆ. ಬಲಕ್ಕೆ ಬಸ್ಸು, ಎಡಕ್ಕೆ ರಿಕ್ಷಾ, ಇವೆರಡರ ನಡುವಿನ ಒಂದು ಗೇಣಿನಲ್ಲಿ ಬೈಕು. ಬೈಕಿನ ಮೇಲೆ ಒಂದು ಸಂಸಾರ. ಅವರು “ಹಂಗs ಇರ್ಲಿ” ಎಂದರು, ನಾನು “ಹಂಗs ಇರ್ಲಿ” ಎಂದೆ. ನಿಜವಾಗಿಯೂ ಹೇಳುತ್ತೇನೆ, ಆ ಒಂದು ಮಾತಿನ ಮೇಲೆಯೇ ನಾನು ಕಾಂಜೂರ್ ದಾಟಿದೆ.

ಪವಾಯಿಗೆ ತಿರುಗುವ ಗಾಂಧಿನಗರದ ಸಿಗ್ನಲ್ಲಿನಲ್ಲಿ ನಿಂತೆವು. ಸಾಲಿನಲ್ಲಿ ನಮ್ಮದೇ ಮೊದಲ ಗಾಡಿ. ಸ್ವಲ್ಪ ಹೊತ್ತಿಗೆ ಅವರು “ಬಿಡು” ಎಂದರು. “ಬಿಡು” ಎಂದು ನಾನು ತಿರುಗಿ ಹೇಳಿದೆ, ಆದರೆ ಕಾಲು ಬ್ರೇಕಿನಿಂದ ತೆಗೆಯಲಿಲ್ಲ. ಸಿಗ್ನಲ್ ಕೆಂಪಿತ್ತು. ಎರಡು ವಾರದಲ್ಲಿ ನಾನು ಹುಕುಂ ಮೀರಿದ್ದು ಅದೇ ಮೊದಲು. ಅವರು ಕಾದರು. ಗಾಡಿ ಅಲುಗಲಿಲ್ಲ. ಬಯ್ಗುಳಕ್ಕೆ ನಾನು ತಯಾರಾಗಿ ಕೂತಿದ್ದೆ.

“ಹಿಂದಿನಾವ್ರು ಯಾರೂ ಹಾರ್ನ್ ಹೊಡೀವಲ್ರು” ಎಂದರು. ಮುಂಬೈಯಲ್ಲಿ ಹಸಿರು ಬೀಳುವ ಮೊದಲೇ ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಅದು ಕೇಳಿಸದಿದ್ದರೆ ಅರ್ಥ ಒಂದೇ. “ಕೆಂಪs ಐತೇನು?”

“ಹೌದ್ರಿ” ಎಂದೆ.

ಅವರು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಮುಂದೆ ನೋಡುತ್ತಾ ಕೂತರು. ಆಮೇಲೆ ಹಸಿರು ಬಿತ್ತು, ಹಾರ್ನುಗಳ ಜಾತ್ರೆಯಾಯಿತು, ನಾನು ಹುಕುಮಿಗೆ ಕಾಯದೆ ಬಲಕ್ಕೆ ತಿರುಗಿಸಿದೆ. ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಎರಡು ಗಾಡಿಯ ಜಾಗದಲ್ಲಿ ಅಡ್ಡಡ್ಡ ನಿಲ್ಲಿಸಿ ಇಳಿದೆ. ವಾಚ್‌ಮನ್ ಏನೋ ಹೇಳಲು ಬಂದವನು ನನ್ನ ಮುಖ ನೋಡಿ ವಾಪಸ್ ಹೋದ.

ಅವತ್ತು ಇಂಜೆಕ್ಷನ್ ಆಯಿತು, ಆಮೇಲಿನ ತಿಂಗಳದ್ದೂ ಆಯಿತು, ಈಗಲೂ ನಡೆದಿದೆ. ಹೋದ ನೋಟ ಬಂದಿಲ್ಲ, ಇದ್ದದ್ದು ಇದೆ. ಆದರೆ ನಾನು ಹೇಳಬೇಕೆಂದದ್ದು ಅವತ್ತು ಡಾಕ್ಟರ ಹತ್ತಿರ ಹೋಗುವ ಮೊದಲಿನ ಸಂಗತಿ.

ಡಾಕ್ಟರು ನೋಡುವುದಕ್ಕೆ ಮುಂಚೆ ಒಂದು ಸಣ್ಣ ಕೋಣೆಯಲ್ಲಿ ಗೋಡೆಯ ಮೇಲಿನ ಅಕ್ಷರ ಓದಿಸುತ್ತಾರೆ. ಮೇಲಿನ ಸಾಲು ದೊಡ್ಡದು, ಕೆಳಕೆಳಗೆ ಸಣ್ಣದು. ನಾವು ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಬಾಗಿಲು ತೆರೆದೇ ಇತ್ತು. ನಮಗಿಂತ ಮೊದಲಿನವರು ಒಬ್ಬರಾದ ಮೇಲೊಬ್ಬರು ಗಟ್ಟಿಯಾಗಿ ಓದುವುದು ಕೇಳಿಸುತ್ತಿತ್ತು. ನಮ್ಮವರು ಕಣ್ಣು ಮುಚ್ಚಿದ್ದರು, ತುಟಿ ಮಾತ್ರ ಅಲುಗುತ್ತಿತ್ತು. ಹೆದರಿ ದೇವರ ಹೆಸರು ಹೇಳುತ್ತಿದ್ದಾರೆ ಅಂದುಕೊಂಡೆ. ಪೂಜೆಗೆ ಕೂರು ಎಂದರೆ ಪೇಪರ್ ಹಿಡಿದು ಕೂರುವ ಮನುಷ್ಯನಿಗೆ ಭಕ್ತಿ ಬಂತಲ್ಲ ಎಂದು ಕರುಳು ಚುರ್ರೆಂದಿತು.

ಹೆಸರು ಕರೆದರು. ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿ, ನಾನು ಬಾಗಿಲಲ್ಲಿ ನಿಂತೆ. ಪರೀಕ್ಷೆ ಮಾಡುವ ಹುಡುಗಿ ಒಂದು ಕಣ್ಣು ಮುಚ್ಚಿಸಿ ಓದಿ ಎಂದಳು. ಮೊದಲ ಸಾಲು ಓದಿದರು. ಎರಡನೆಯದು ಓದಿದರು. ಮೂರನೆಯದನ್ನೂ ಗಡಗಡ ಓದಿದರು. ಹುಡುಗಿ ತಲೆದೂಗಿ ಬರೆದುಕೊಳ್ಳತೊಡಗಿದಳು. ನನಗೋ ಆಶ್ಚರ್ಯ. ತಾಡಪತ್ರಿಯಲ್ಲಿ ಆಕಳು ಕಂಡವರಿಗೆ ಬೆರಳುಗುರಿನಷ್ಟು ಸಣ್ಣ ಅಕ್ಷರ ಕಾಣುವುದು ಹೇಗೆ? ತಟ್ಟನೆ ತಿಳಿಯಿತು. ಮೂವತ್ತೊಂದು ವರ್ಷ ಪರೀಕ್ಷೆಯ ಕೋಣೆಯಲ್ಲಿ ಕಾವಲು ನಿಂತವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕಣ್ಣು ಮುಚ್ಚಿ ಮಾಡಿದ್ದು ಜಪವಲ್ಲ. ಮೊದಲ ಸಲ ಬಂದಾಗಲೂ ಈ ಅಕ್ಷರದ ಪರೀಕ್ಷೆಯಲ್ಲಿ ಹೀಗೇ ಪಾಸಾಗಿರಬೇಕು; ಡಾಕ್ಟರು ರೋಗ ಹಿಡಿದದ್ದು ಕಣ್ಣಿನ ಹಿಂದಿನ ಪರದೆ ನೋಡಿ.

ಕಾಪಿ ಹೊಡೆದ ಮಕ್ಕಳ ಕಿವಿ ಹಿಂಡಿದವಳು ನಾನು. ಇಲ್ಲಿ ಏನು ಮಾಡಬೇಕೋ ತಿಳಿಯದೆ ಬಾಗಿಲ ಚೌಕಟ್ಟು ಹಿಡಿದುಕೊಂಡೆ. ನಾನೇ ಹೇಳಿದರೆ ಅವರ ಮಾನ ಹೋಗುತ್ತದೆ, ಹೇಳದಿದ್ದರೆ ಕಣ್ಣು ಹೋಗುತ್ತದೆ. ಹುಡುಗಿ ಕೆಳಗಿನ ಸಾಲು ಎಂದಳು. ಅವರು ಬಾಯಿ ತೆರೆದರು, ಒಂದು ಅಕ್ಷರ ಹೇಳಿದರು, ನಿಂತರು. ತಲೆ ಒಂದು ಕಡೆ ವಾಲಿತು, ಕಾರಿನಲ್ಲಿ ತಮ್ಮ ಮಾತು ತಿರುಗಿ ಬರುವುದಕ್ಕೆ ಕಾಯುವಾಗ ವಾಲುತ್ತಿದ್ದ ಹಾಗೆಯೇ. ಆಮೇಲೆ ತಮ್ಮ ಫೋರ್‌ಮನ್ ಹಿಂದಿಯಲ್ಲಿ ನಿಧಾನವಾಗಿ ಹೇಳಿದರು: ಬೇಟಾ, ಬರೆದದ್ದು ಹೊಡೆದುಹಾಕು. ಎಲ್ಲ ಕೇಳಿ ಕಲಿತದ್ದು, ಬಾಯಿಪಾಠ. ನಡುವೆ ನನಗೆ ಏನೂ ಕಾಣುವುದಿಲ್ಲ.

ಹುಡುಗಿ ಪೆನ್ನು ಹಿಡಿದು ಹಾಗೇ ಕೂತಳು. ನಾನು ಎರಡು ವಾರದ ರೂಢಿಯಂತೆ ಗಟ್ಟಿಯಾಗಿ ತಿರುಗಿ ಹೇಳಿದೆ:

“ನಡುವ ಏನೂ ಕಾಣಂಗಿಲ್ಲ.”

ಅವರು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿ, ಸರಿ ಎನ್ನುವಂತೆ ತಲೆಯಾಡಿಸಿದರು.